ಪದಚರ್ಚೆ: ಸಮೀಕ್ಷೆಯ ಉತ್ತರ, ಕ್ಲಿನಿಕ್ ದಾಖಲೆ, ನಡುವೆ ‘ಲಿಂಕ್’

ಗೆಳೆಯರೆ,

ಬಾಗಲಕೋಟೆ ಕಡೆಯ ಒಂದು ಆರೋಗ್ಯ ಸಂಶೋಧನೆಗೆ ಒಪ್ಪಿಗೆ ಪತ್ರ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಕೈಗೆ ಸಿಗುತ್ತಿಲ್ಲ. ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್ಕಿಗೆ ಬಂದವರು ಪ್ರಶ್ನಾವಳಿಗೆ ಉತ್ತರ ಕೊಡುತ್ತಾರೆ. ಆ ಉತ್ತರವನ್ನು ಅವರ ಕೇಸ್ ಪೇಪರಿನಲ್ಲಿರುವ ಆರ್‌ಪಿಆರ್ (ಸಿಫಿಲಿಸ್ ಪತ್ತೆಯ) ರಕ್ತಪರೀಕ್ಷೆ, ಕೊಟ್ಟ ಔಷಧಿ ಕಿಟ್ಟಿನ ಬಣ್ಣ (ಯಾವ ತೊಂದರೆಗೆ ಕೊಟ್ಟದ್ದು ಎಂದು ಬಣ್ಣವೇ ಹೇಳುತ್ತದೆ), ಮತ್ತೆ ಬಂದರೋ ಇಲ್ಲವೋ ಎಂಬುದರ ಜೊತೆ ಸೇರಿಸಿ ಓದಬೇಕು. ಹೆಸರಿನ ಜಾಗದಲ್ಲಿ ನಂಬರ್ ಇರುತ್ತದೆ. ಯಾವ ನಂಬರ್ ಯಾರದು ಎಂಬ ಪಟ್ಟಿ ಬೇರೆ ಕಡೆ ಕೀಲಿಯಲ್ಲಿ. ಈ ಕೆಲಸಕ್ಕೆ ಏನನ್ನೋಣ?

‘ಲಿಂಕ್ ಮಾಡುವುದು’ ಆಧಾರ್ ದಯೆಯಿಂದ ಎಲ್ಲರಿಗೂ ಗೊತ್ತು. ಆದರೆ ‘ಅವರಿಬ್ಬರದೂ ಲಿಂಕ್ ಐತಿ’ ಅಂದರೆ ಅರ್ಥವೇ ಬೇರೆ. ಈ ಪತ್ರದಲ್ಲಂತೂ ಬೇಡವೇ ಬೇಡ. ‘ತಾಳೆ ನೋಡುವುದು’ ನನಗೆ ಇಷ್ಟವಾಗಿತ್ತು. ಓದಿ ಹೇಳಿದಾಗ ಒಬ್ಬ ಹೆಣ್ಣುಮಗಳು ಕೇಳಿದರು: “ಅಂದ್ರ ನಾ ಹೇಳಿದ್ದು ಖರೇನೋ ಸುಳ್ಳೋ ತಪಾಸ್ ಮಾಡ್ತೀರೇನ್ರಿ?” ಅವರ ಅನುಮಾನ ನ್ಯಾಯವಾದದ್ದೇ, ತಾಳೆ ನೋಡುವುದೇ ತಪ್ಪು ಹಿಡಿಯಲು. ‘ತಳಕು ಹಾಕುವುದು’ ಇನ್ನೂ ಕೆಟ್ಟದ್ದು, ಪತ್ರಿಕೆಗಳಲ್ಲಿ ಅದು ಬರುವುದು ಯಾರನ್ನೋ ಯಾವುದೋ ಪ್ರಕರಣದಲ್ಲಿ ಸಿಕ್ಕಿಸುವಾಗ. ‘ಜೋಡಣೆ’ ತಪ್ಪಿಲ್ಲ, ಕಚೇರಿ ಸುತ್ತೋಲೆಯ ವಾಸನೆ ಅಷ್ಟೆ.

‘ದಾಖಲೆ’ಯನ್ನೂ ಬಿಟ್ಟೆ. ಇಲ್ಲಿ ದಾಖಲಾಗುವುದು ಒಂದೋ ಪೊಲೀಸ್ ಕೇಸು, ಇಲ್ಲವೆ ರೋಗಿ. ‘ಗುಪ್ತ ಸಂಖ್ಯೆ’ ಹೊಡೆದುಹಾಕಲು ಕಾರಣ ಹೇಳಬೇಕಿಲ್ಲ. ಗೋಡೆಗಳ ಮೇಲಿನ ‘ಗುಪ್ತರೋಗ’ದ ಜಾಹೀರಾತು ಎಲ್ಲರೂ ಓದಿದ್ದೇವೆ.

ಇಷ್ಟು ಜಗ್ಗಾಡುವುದು ಯಾಕೆ ಅನ್ನಬಹುದು. 2017ರ ಎಚ್‌ಐವಿ–ಏಡ್ಸ್ ಕಾಯ್ದೆ (ಜಾರಿಯಾದದ್ದು 2018ರ ಸೆಪ್ಟೆಂಬರ್ 10) ಒಬ್ಬರ ಎಚ್‌ಐವಿ ಸ್ಥಿತಿ ಹೊರಗೆಡಹಲು ತಿಳಿದು ಕೊಟ್ಟ ಒಪ್ಪಿಗೆ ಕೇಳುತ್ತದೆ. ಸಂಶೋಧನೆಗೂ ಅದೇ ನಡೆ. ಕ್ರಿಯಾಪದವೇ ತಿಳಿಯದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಏನು ಬಂತು?

ಸದ್ಯಕ್ಕೆ ಹೀಗಿದೆ: “ನೀವು ಹೇಳಿದ್ದನ್ನೂ ನಿಮ್ಮ ಕೇಸ್ ಪೇಪರಿನ್ಯಾಗ ಇದ್ದದ್ದನ್ನೂ ಕೂಡಿಸಿ ನೋಡ್ತೀವಿ. ಅದರಾಗ ನಿಮ್ಮ ಹೆಸರಿನ ಜಾಗಾದಾಗ ನಂಬರ್ ಇರ್ತೈತಿ.” ‘ಕೂಡು’ವಿನ ಇನ್ನೊಂದು ಅರ್ಥ ನೆನಪಿಸಿ ನಗುವವರು ಇಲ್ಲಿ ಇದ್ದೇ ಇದ್ದೀರಿ. ಆದರೆ ‘ಕೂಡಿಸಿ’ಯಲ್ಲಿ ನನ್ನ ಕಿವಿಗೆ ಬರೀ ಲೆಕ್ಕ ಕೇಳಿಸುತ್ತದೆ. ವಿಜಯಪುರದವರಿಗೆ, ಬೆಳಗಾವಿ ಗಡಿಯ ಮರಾಠಿ ಬೆರೆತ ಊರಿನವರಿಗೆ ಹೇಗೆ ಕೇಳಿಸುತ್ತದೆ? ತಲೆಬರಹಕ್ಕೆ ನಾಮಪದವೂ ಬೇಕು. ‘ಕೂಡಿಕೆ’ ಅಂತ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.