ಬೆಕ್ಕಿರುವ ಪುಸ್ತಕದ ಅಂಗಡಿ ಮಾಡಬೇಕು, ಮಿನಿಯೇಚರ್ ಮಾಡಿದವರು ಅನುಭವ ಹೇಳಿ

ಡೊಂಬಿವಲಿ ಕಿಟಕಿ

ಎಲ್ಲರಿಗೂ ನಮಸ್ಕಾರ. ಬೆಕ್ಕು, ನಾಯಿ ಇರುವ ಪತ್ತೇದಾರಿ ಕಥೆಗಳ ಹುಚ್ಚು ನನಗೆ. ಕೊಲೆ ಆಗಬೇಕು, ರಕ್ತ ಜಾಸ್ತಿ ಬೇಡ, ಕಿಟಕಿಯಲ್ಲೊಂದು ಬೆಕ್ಕು ಕೂತಿರಬೇಕು, ಅಷ್ಟೇ. ಈಗ ನಾನೇ ಒಂದು ಕಥೆ ಹೊಸೆದಿದ್ದೇನೆ: ಮಾಟುಂಗದ ಹಳೆ ಪುಸ್ತಕದ ಅಂಗಡಿ, ಮಾಲೀಕ ಸತ್ತು ಬಿದ್ದಿದ್ದಾನೆ, ಅಂಗಡಿಯ ಬೆಕ್ಕು ಕಪಾಟಿನ ಮೇಲಿಂದ ಇಳಿಯುತ್ತಿಲ್ಲ. ಬರೆಯೋದು ಕೈಲಾಗಲ್ಲ, ಆ ಅಂಗಡಿಯನ್ನೇ 1:12 ಅಳತೆಯಲ್ಲಿ, ಅಂದರೆ ಒಂದು ಅಡಿಗೆ ಒಂದು ಇಂಚಿನ ಹಾಗೆ, ಮಾಡಿಡೋಣ ಅನ್ನಿಸಿದೆ. ಬಜೆಟ್ 5,000. ಒಂದು ಬೆಡ್‌ರೂಮಿನ ಮನೆ, ಇರೋದು ಒಂದೇ ಮೇಜು, ನಿಜವಾದ ಬೆಕ್ಕೂ ಒಂದಿದೆ. ಕಿಟ್ ತರಿಸಲೋ, ಮೊದಲಿಂದ ನಾನೇ ಕತ್ತರಿಸಲೋ? ಇನ್ನೊಂದು: ಗಲ್ಲಾದ ಮೇಲೆ ಒಂದು ಹೂದಾನಿ ಬೇಕೇ ಬೇಕು, ಕಥೆಯ ಗುಟ್ಟು ಅದರಲ್ಲೇ ಇದೆ. ಅಷ್ಟು ಚಿಕ್ಕ ಹೂದಾನಿ ಯಾತರಲ್ಲಿ ಮಾಡ್ತೀರಿ?

ಮುಲುಂಡ್ ಕತ್ತರಿ

ಕಿಟ್ ಬೇಡ ಮಾರಾಯ್ರೆ. ಕಿಟ್ ಅಂದ್ರೆ ಬೇರೆಯವರ ಮನೆಗೆ ನೀವು ಸುಣ್ಣ ಹೊಡೆದ ಹಾಗೆ. ನಾನು ರಿಟೈರ್ ಆದ ವರ್ಷ ಪುಸ್ತಕದ ಅಂಗಡಿಯನ್ನೇ ಮಾಡಿದ್ದು. 412 ಪುಸ್ತಕ. ಲೆಕ್ಕ ಡೈರಿಯಲ್ಲಿ ಉಂಟು: 3 ಮಿ.ಮೀ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಮತ್ತು ಲೇಸರ್ ಕಟಿಂಗ್ 1,150, ಸನ್‌ಬೋರ್ಡ್ ಅಂತ ಹಗುರ ಫೋಮ್ ಹಲಗೆ 240, ಮುಖಪುಟಗಳ ಕಲರ್ ಪ್ರಿಂಟ್ 310, ಲೋಹಾರ್ ಚಾಳದಿಂದ ಎಲ್‌ಇಡಿ, ವಯರು 420, ಕಿಟಕಿಗೆ ಅಕ್ರಿಲಿಕ್ 180, ಗೋಂದು-ಬಣ್ಣ 690. ಒಟ್ಟು 2,990. "ಕಟಿಂಗ್ ಮ್ಯಾಟು, ಬ್ಲೇಡು, ಚಿಮಟಕ್ಕೆ ಕೊಟ್ಟ 1,340 ಎಲ್ಲಿ ಹೋಯ್ತು ಅಪ್ಪ?" ಅಂತ ಮಗ ಕೇಳಿದ. ಅದು ಬಂಡವಾಳ, ಖರ್ಚಲ್ಲ.

ಪುಸ್ತಕ ಒಂದೊಂದೂ 15 ಮಿ.ಮೀ. ಎತ್ತರ, ಯಾಕಂದ್ರೆ ನಿಜವಾದ ಕಾದಂಬರಿ 18 ಸೆಂ.ಮೀ. ಕಾಗದದ ಪಟ್ಟಿಯನ್ನು ಹಿಂದೆಮುಂದೆ ಮಡಚಿ, ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿಸಿ, ಬೆನ್ನಿಗೆ ಮಾತ್ರ ಫೆವಿಕಾಲ್ ಸವರಿ, ಒಣಗಿದ ಮೇಲೆ ಮುಖಪುಟ ಸುತ್ತುವುದು. ದಿನಕ್ಕೆ 9 ಆಗ್ತಿತ್ತು. ಹಳೆ ಪುಸ್ತಕದ ಬಣ್ಣ ಬರ್ಲಿ ಅಂತ ಕಾಗದವನ್ನು ಚಹಾದಲ್ಲಿ ಅದ್ದಿ ಒಣಗಿಸಿದೆ. ತಪ್ಪಿದ್ದು ಅಲ್ಲಿ. ಪಾತ್ರೆಯಲ್ಲಿ ಮಿಕ್ಕಿದ್ದ ಚಹಾ ಅದು, ಸಕ್ಕರೆ ಹಾಕಿದ್ದು. ಜೂನ್‌ನಲ್ಲಿ ಇರುವೆ. ಜುಲೈಯಲ್ಲಿ ಬೂಷ್ಟು. ಆಗಸ್ಟ್ ಹೊತ್ತಿಗೆ ಎಂಡಿಎಫ್ ನೆಲ ಥಂಡಿ ಹೀರಿ ಉಬ್ಬಿ, ಕಪಾಟುಗಳೆಲ್ಲ ಗಡಂಗಿನಿಂದ ಹೊರಟವರ ಹಾಗೆ ಒಂದಕ್ಕೊಂದು ಒರಗಿ ನಿಂತವು. 412ರಲ್ಲಿ ಉಳಿದದ್ದು 137. ಈಗ ಎಂಡಿಎಫ್ ಅಂಚಿಗೆ ಎರಡು ಕೈ ವಾರ್ನಿಷ್ ಹೊಡೆಯದೆ ಕೆಲಸ ಸುರು ಮಾಡುವುದೇ ಇಲ್ಲ. ಇರುವೆ ಬಂದ್ರೂ ಅದು ನನ್ನ ಅಂಗಡಿ, ಆಯ್ತಾ.

ಫೋಂಡಾ ಹಂಚಿನ ಮನೆ

5,000ದಲ್ಲಿ ಮುಗಿಯುತ್ತೆ ಅನ್ನೋರು ಯಾರೂ ಬೆಕ್ಕಿನ ಲೆಕ್ಕ ಹಾಕಿರೋದಿಲ್ಲ. ನಾನು ಕಿಟ್ಟೇ ತರಿಸಿದ್ದು, ಅದಕ್ಕೆ ನಾಚಿಕೆ ಏನೂ ಇಲ್ಲ. ಮೂರು ಪಾಳಿ ನೌಕರಿ ಮಾಡೋರಿಗೆ 412 ಪುಸ್ತಕ ಮಡಚುವ ಪುರುಸೊತ್ತು ಎಲ್ಲಿದೆ? 1:24ರ ಕಿಟ್, ಹೊರದೇಶದಿಂದ, 3,200. ಬಾಗಿಲಿಗೆ ಬಂದಾಗ ಕಸ್ಟಮ್ಸು, ಕೊರಿಯರಿನವರದ್ದು ಅದೂ ಇದೂ ಸೇರಿ ಇನ್ನೂ 1,486. ಸೂಚನೆಯ ಹಾಳೆ ಪೂರ್ತಿ ಚೀನೀ ಲಿಪಿ. ಒಂದು ಕುರ್ಚಿಗೆ ಮೂರೇ ಕಾಲು. ಪತ್ರ ಬರೆದರೆ "ಫೋಟೋ ಕಳಿಸಿ" ಅಂದರು. ಇಲ್ಲದ ಕಾಲಿನ ಫೋಟೋ ಹೇಗೆ ತೆಗೆಯಲಿ?

ಅದೆಲ್ಲ ಹೋಗಲಿ. ಜಮಖಾನೆ ನೇಯಲು ಹಸಿರು ಕಸೂತಿ ದಾರ ಮೇಜಿನ ಮೇಲೆ ಬಿಟ್ಟು ಮಲಗಿದೆ. ಮರುದಿನದಿಂದ ಬೆಕ್ಕಿಗೆ ವಾಂತಿ. ಮೂರನೇ ದಿನ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡಿದೆ. ಎಳೆಯಲು ಹೋದೆ. ಡಾಕ್ಟರು ಫೋನಲ್ಲೇ ಗದರಿದರು. ಒಂದು ತುದಿ ನಾಲಿಗೆಗೆ ಸಿಕ್ಕಿಕೊಂಡು ಇನ್ನೊಂದು ಕರುಳಲ್ಲಿ ಮುಂದೆ ಹೋಗಿದ್ದರೆ, ಲಾಡಿ ಎಳೆದ ಪೈಜಾಮದ ಹಾಗೆ ಕರುಳು ನೆರಿಗೆಗಟ್ಟಿರುತ್ತಂತೆ. ಎಳೆದರೆ ದಾರ ಕರುಳನ್ನೇ ಕೊಯ್ಯುತ್ತದೆ. ಎಕ್ಸ್‌ರೇ 800, ಅಲ್ಟ್ರಾಸೌಂಡ್ 1,600, ಆಪರೇಷನ್ 19,500, ನಾಲ್ಕು ದಿನ ಡ್ರಿಪ್ 6,000, ಔಷಧ 1,240. ಒಟ್ಟು 29,140. ಬೆಕ್ಕು ಚೆನ್ನಾಗಿದೆ. ಕಿಟ್ ಅಟ್ಟದ ಮೇಲಿದೆ.

ಮುಲುಂಡ್ ಕತ್ತರಿ

ದಾರ ಮೇಜಿನ ಮೇಲೆ ಬಿಟ್ಟದ್ದು ಯಾರು? ಅದಕ್ಕೂ ಹವ್ಯಾಸಕ್ಕೂ ಎಂತ ಸಂಬಂಧ?

ಫೋಂಡಾ ಹಂಚಿನ ಮನೆ

ಸಕ್ಕರೆ ಹಾಕಿದ ಚಹಾದಲ್ಲಿ ಕಾಗದ ಅದ್ದಿದ್ದು ಯಾರು ಸರ್?

ಪುಣೆ ತಾಮ್ರದ ಚರಗಿ

ಕಿಟ್ಟೂ ಬ್ಯಾಡ, ಎಂಡಿಎಫ್ಫೂ ಬ್ಯಾಡ. ನಮ್ಮ ಪುಣೆದ ತುಳಶೀಬಾಗ ಪ್ಯಾಟಿಗೆ ಬರ್ರಿ. ಹಿತ್ತಾಳಿ ಭಾತುಕಲಿ, ಅಂದ್ರ ಹುಡುಗೂರ ಅಡಗಿ ಆಟದ ಸಾಮಾನ ಅದಾವ ಅಲ್ಲೆ, ಒಲಿ, ಪರಾತ, ಬೀಸೋ ಕಲ್ಲು, ಚಕ್ಕಲಿ ಒತ್ತೋದು, ನೀರಿನ ಬಂಬ ಸುದ್ದಾ. ಮಳಿಗೆ ಉಬ್ಬಂಗಿಲ್ಲ, ಇರುವಿ ಮುಕ್ಕಂಗಿಲ್ಲ, ಬೆಕ್ಕು ನುಂಗಂಗಿಲ್ಲ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಮತ್ತ ಬಂಗಾರಧಂಗ.

ನಾ ಮಾಡಿದ್ದು ಅಡಗಿಮನಿ. ಅಜ್ಜಿ ಒಲಿ ಮುಂದ ಬಿದ್ದಾಳ, ಹಾಲಿನ ಪಾತೇಲಿ ತುಂಬಿದ್ದು ತುಂಬಿಧಂಗ ಐತಿ, ಬಾಜೂಕ ಬೆಕ್ಕು ಸುಮ್ಮನ ಕುಂತೈತಿ. ಬೆಕ್ಕು ಹಾಲು ಯಾಕ ಕುಡದಿಲ್ಲ? ಅದರಾಗ ಕೊಲಿ ಐತಿ. ಗೌರಿ-ಗಣಪತಿಗೆ ನಮ್ಮ ಸೊಸೈಟಿ ಹಾಲಿನ್ಯಾಗ ಇಟ್ಟಿದ್ದೆ. ನಾಲ್ಕು ವರ್ಷ ಕೂಡಿಸಿದ ಸಾಮಾನ, ಒಟ್ಟ 11,700 ರೂಪಾಯಿ, ಅದರಾಗ ಬಂಬ ಒಂದಕ್ಕ 1,450. ಒಬ್ಬಾಕಿ ಬಂದು, ಕನ್ನಡಕ ಏರಿಸಿ, "ಮಾವಶಿ, ಸ್ಕೇಲ್ ತಪ್ಪೈತಿ" ಅಂದ್ಲು. ಹಬ್ಬದ ದಿನಾ! ಗೌರಿ ಮುಂದ! ಇಲ್ಲೂ ಹಂಗ ಅನ್ನಾವ್ರು ಇದ್ರ ಮೊದಲ ಹೇಳಿಬಿಡ್ರಿ.

ಮುಲುಂಡ್ ಕತ್ತರಿ

ಹೇಳ್ತೇನೆ. ತಪ್ಪೇ ಉಂಟು. 1:12 ಅಂದ್ರೆ ಒಂದು ಅಡಿ ಒಂದು ಇಂಚಾಗಬೇಕು. ಭಾತುಕಲಿ ಮಕ್ಕಳ ಕೈಗೆ ಸಿಗಲಿ ಅಂತ ಮಾಡಿದ ಆಟದ ಸಾಮಾನು, ಅಲ್ಲಿ ಒಲೆಗೊಂದು ಅಳತೆ, ಲೋಟಕ್ಕೊಂದು ಅಳತೆ. ಹೊಸದಿಲ್ಲಿ ಕಟ್ಟಿದ ಲ್ಯುಟೆನ್ಸ್ 1921ರಿಂದ 1924ರವರೆಗೆ ಬ್ರಿಟನ್ನಿನ ರಾಣಿ ಮೇರಿಗೆ ಒಂದು ಬೊಂಬೆಮನೆ ಮಾಡಿಸಿಕೊಟ್ಟ. ಅದೂ 1:12. ನಲ್ಲಿಯಲ್ಲಿ ನೀರು ಬರುತ್ತೆ. ಲೈಬ್ರರಿಗೆ ಕಾನನ್ ಡಾಯ್ಲ್ ಸ್ವಂತ ಕೈಯಿಂದ ಒಂದು ಪುಟ್ಟ ಷರ್ಲಾಕ್ ಹೋಮ್ಸ್ ಕಥೆ ಬರೆದುಕೊಟ್ಟ. ಈಗಲೂ ವಿಂಡ್ಸರ್ ಅರಮನೆಯಲ್ಲಿ ಉಂಟು. ಅದು ಮಿನಿಯೇಚರ್. ಉಳಿದದ್ದೆಲ್ಲ ಆಟಿಕೆ.

ಪುಣೆ ತಾಮ್ರದ ಚರಗಿ

ರಾಣಿ ಮನ್ಯಾಗ ನಲ್ಲಿ ಬರತೈತಿ, ಮುಲುಂಡದಾಗ ಇರುವಿ ಬರತಾವು. ಆತು ಬಿಡ್ರಿ.

ಮಾಟುಂಗ ಬಾಡಿಗೆ ಪುಸ್ತಕ

ಎಲ್ಲರೂ ಗೋಂದಿನಲ್ಲೇ ಅಂಟಿಕೊಂಡಿದ್ದೀರಿ. ಮೂಲ ಪ್ರಶ್ನೆ ಕಥೆಯದ್ದು. ಈ ಬೆಕ್ಕಿನ ಪತ್ತೇದಾರಿಗಳನ್ನು ನಾನು 60ಕ್ಕೂ ಹೆಚ್ಚು ಓದಿ, ಕೊನೆಗೆ ಪೂರಾ ರದ್ದಿಗೆ ಹಾಕಿದವನು. ಕೆಜಿಗೆ 14 ರೂಪಾಯಿ ಸಿಕ್ಕಿತು, ಕೊಂಡದ್ದು ಒಂದೊಂದಕ್ಕೆ 350 ಕೊಟ್ಟು. ಯಾಕೆ ಹಾಕಿದೆ? ಅರ್ಧ ಪುಸ್ತಕಗಳಲ್ಲಿ ಪತ್ತೇದಾರಿಕೆಯೇ ಇಲ್ಲ. ಬೆಕ್ಕು ಮೂಸುತ್ತದೆ, ಮಾಲಕಿಗೆ ಹೊಳೆಯುತ್ತದೆ, ಪೊಲೀಸರು ಹಿಂದೆ ಓಡುತ್ತಾರೆ. ರೀಟಾ ಮೇ ಬ್ರೌನ್ 1990ರಲ್ಲಿ ತನ್ನ ಬೆಕ್ಕಿನ ಹೆಸರನ್ನೇ ಸಹಲೇಖಕಿ ಅಂತ ಹಾಕಿಕೊಂಡು ಸರಣಿ ಶುರು ಮಾಡಿದಳು, ಅಲ್ಲಿ ಬೆಕ್ಕು ನಾಯಿ ಕೂತು ಹರಟುತ್ತವೆ. ಪಂಚತಂತ್ರದಲ್ಲಿ ಒಪ್ಪುತ್ತೇನೆ, ಪತ್ತೇದಾರಿಯಲ್ಲಿ ಒಪ್ಪುವುದಿಲ್ಲ. ಡಾಯ್ಲ್ 1892ರಲ್ಲೇ ತೋರಿಸಿಕೊಟ್ಟಿದ್ದ: ರಾತ್ರಿ ಲಾಯಕ್ಕೆ ಯಾರೋ ಬಂದರು, ನಾಯಿ ಬೊಗಳಲಿಲ್ಲ, ಅಂದರೆ ಬಂದವನು ನಾಯಿಗೆ ಗುರುತಿದ್ದವನು. ನಾಯಿ ನಾಯಿಯಾಗಿಯೇ ಇತ್ತು, ಬುದ್ಧಿ ಓಡಿದ್ದು ಮನುಷ್ಯನದ್ದು. 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಪತ್ತೇದಾರಿ ಕಥೆಯಲ್ಲಂತೂ ಕೊಲೆಗಾರನೇ ಪ್ರಾಣಿ, ಒರಾಂಗುಟಾನ್.

ಐರೋಲಿ ರಾತ್ರಿಪಾಳಿ

ಕೊಲೆಗಾರ ಯಾರು ಅಂತ ಹೇಳಿಯೇಬಿಟ್ಟಿರಲ್ಲ! ಅದು ನನ್ನ ಮೊಬೈಲಿನಲ್ಲಿ ಅರ್ಧ ಓದಿಟ್ಟಿದ್ದೆ.

ಮಾಟುಂಗ ಬಾಡಿಗೆ ಪುಸ್ತಕ

180 ವರ್ಷ ಕಾದಿದ್ದೇನಮ್ಮ. ಇನ್ನೆಷ್ಟು ಕಾಯಲಿ?

ಐರೋಲಿ ರಾತ್ರಿಪಾಳಿ

ಅಮ್ಮ ಗಿಮ್ಮ ಬೇಡ. ಮಾತಾಡದ ಬೆಕ್ಕೂ ಇದೆ ಅಂತ ಗೊತ್ತಿದ್ದೂ ಮುಚ್ಚಿಟ್ಟಿರಿ. ಲಿಲಿಯನ್ ಜಾಕ್ಸನ್ ಬ್ರಾನ್ ಅವರ ಸಯಾಮಿ ಬೆಕ್ಕು ಒಂದು ಮಾತೂ ಆಡಲ್ಲ, ಕಪಾಟಿನಿಂದ ಪುಸ್ತಕ ಬೀಳಿಸುತ್ತೆ ಅಷ್ಟೇ. ಅದು ಸುಳಿವೋ ಬರೀ ಬೆಕ್ಕಿನ ಚೇಷ್ಟೆಯೋ ಅನ್ನೋದು ನಮಗೆ ಬಿಟ್ಟದ್ದು. 1966ರಿಂದ ಮೂರು ಪುಸ್ತಕ ಬಂದು, ನಾಲ್ಕನೆಯದಕ್ಕೆ 1986ರವರೆಗೆ ಕಾಯಬೇಕಾಯ್ತು. ನೀವು ರದ್ದಿಗೆ ಹಾಕಿದ್ದರಲ್ಲಿ ಅವೂ ಇದ್ದವಾ?

ಮಾಟುಂಗ ಬಾಡಿಗೆ ಪುಸ್ತಕ

ಇದ್ದವು. ಈಗ ನೆನಪಿಸಬೇಡಿ.

ಚಿಂಚವಡ ರೆಸಿನ್

ನಾನು ಎಲ್ಲವನ್ನೂ ರೆಸಿನ್‌ನಲ್ಲೇ ಎರಕ ಹೊಯ್ಯೋದು, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುತ್ತಲ್ಲ, ಅದು. ತೂಕದ ಯಂತ್ರ ತಗೊಳ್ಳಿ, ಅಂದಾಜಿನಲ್ಲಿ ಬೆರೆಸಬೇಡಿ. ನಾನು ಅಂದಾಜಿನಲ್ಲಿ ಬೆರೆಸಿದ ಮೀನಿನ ತೊಟ್ಟಿ ಎರಡು ವರ್ಷದಿಂದ ಅಂಟಂಟಾಗಿಯೇ ಇದೆ. ಒಳಗೆ ಮೀನಿನ ಜೊತೆ ಈಗ ಒಂದು ನಿಜವಾದ ನೊಣವೂ ಇದೆ.

ಮುಲುಂಡ್ ಕತ್ತರಿ

ನೊಣದ ಸ್ಕೇಲ್ ಎಷ್ಟು?

ಐರೋಲಿ ರಾತ್ರಿಪಾಳಿ

ನಾನು ಹೇಳಬೇಕು ಅಂತ ಬಂದದ್ದೇ ಬೇರೆ. ಮನೆಯಲ್ಲಿ "ಕೆಲಸ ಇಲ್ಲದ ಹೆಂಗಸರ ಆಟ" ಅಂತ ನಗ್ತಾರೆ, ನಿಮಗೂ ನಗ್ತಾರೆ. ಅವರಿಗೆ ಫ್ರಾನ್ಸಿಸ್ ಗ್ಲೆಸ್ನರ್ ಲೀ ಬಗ್ಗೆ ಹೇಳಿ. ಅಮೆರಿಕದ ಶ್ರೀಮಂತ ಮನೆತನದ ಹೆಂಗಸು. 1940ರ ದಶಕದಲ್ಲಿ ಸಾವು ನಡೆದ ಕೋಣೆಗಳನ್ನು ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಮಾಡಿಸಿದಳು, ಪೊಲೀಸರು ನೋಡೋದು ಕಲೀಲಿ ಅಂತ. ಬೊಂಬೆಯ ಕಾಲುಚೀಲ ಹೆಣೆಯೋಕೆ ಗುಂಡುಸೂಜಿ ಬಳಸ್ತಿದ್ದಳಂತೆ. ಪೊಲೀಸರ ಕೈಗೆ ಸಾಕ್ಷಿಗಳ ಹೇಳಿಕೆ ಕೊಟ್ಟು, ಕೋಣೆಯ ಮುಂದೆ 90 ನಿಮಿಷ ನಿಲ್ಲಿಸೋದು. 1943ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪೊಲೀಸರು ಅವಳಿಗೆ ಕ್ಯಾಪ್ಟನ್ ಪದವಿ ಕೊಟ್ಟರು. ಬಾಲ್ಟಿಮೋರಿನಲ್ಲಿ ಈಗಲೂ 18 ಕೋಣೆ ಇವೆ, ಪಾಠಕ್ಕೆ ಬಳಸೋದರಿಂದ ಉತ್ತರ ಹೊರಗೆ ಹೇಳೋದಿಲ್ಲ. ಕೆಲವರು ಕಲಿಯಬೇಕು.

ನಾನೂ ಒಂದು ಆಸ್ಪತ್ರೆ ಕೋಣೆ ಮಾಡಿದೆ. ಕಿಟಕಿಯ ಪಾರದರ್ಶಕ ಹಾಳೆಯನ್ನು ಇನ್‌ಸ್ಟಂಟ್ ಗೋಂದಿನಲ್ಲಿ ಅಂಟಿಸಿ ಪೆಟ್ಟಿಗೆ ಮುಚ್ಚಿಟ್ಟೆ. ಬೆಳಗ್ಗೆ ನೋಡಿದರೆ ಗಾಜೆಲ್ಲ ಬೆಳ್ಳಗೆ ಮಂಜು ಹಿಡಿದ ಹಾಗೆ. ಆ ಗೋಂದಿನ ಹಬೆ ಕೂತು ಹಾಗಾಗೋದು, ಒರೆಸಿದರೆ ಹೋಗಲ್ಲ. ಆರು ವಾರದ ಕೆಲಸ. ಅತ್ತುಬಿಟ್ಟೆ. ಆಮೇಲೆ ಅದನ್ನೇ ಕಥೆ ಮಾಡಿದೆ: ಒಳಗಿಂದ ಯಾರೂ ಹೊರಗೆ ನೋಡಿರಲು ಸಾಧ್ಯವಿಲ್ಲ, ಹಾಗಾದರೆ ನರ್ಸ್ ಸುಳ್ಳು ಹೇಳ್ತಿದ್ದಾಳೆ.

ಫೋಂಡಾ ಹಂಚಿನ ಮನೆ

ಆಹಾ. ನರ್ಸೇ ಯಾಕೆ ಸುಳ್ಳು ಹೇಳಬೇಕು? ನಾನು ನರ್ಸ್.

ಪುಣೆ ತಾಮ್ರದ ಚರಗಿ

ಆ ಲೀ ಬಾಯಿ ಸ್ಕೇಲ್ ಹಿಡದಾಳಂದ್ರ ಪೊಲೀಸರಿಗೆ ಕಲಸಾಕ. ನಂದು ಗೌರಿ ಮುಂದ ಇಡಾಕ. ಮುಲುಂಡದ ಅಣ್ಣಾವ್ರ, ನಿಮಗೂ ಒಂದ್ ಮಾತು. ನಿಮ್ಮ 137 ಪುಸ್ತಕ ತಗದು ಓದಾಕ ಬರತಾವೇನು? ಖಾಲಿ ಹಾಳಿ. ನನ್ನ ಚಕ್ಕಲಿ ಒರಳಿನ್ಯಾಗ ಹಿಟ್ಟು ಹಾಕಿ ಒತ್ತಿದ್ರ ಚಕ್ಕಲಿ ಬೀಳತಾವು.

ಮುಲುಂಡ್ ಕತ್ತರಿ

ಮಾತು ಬೇಡ. ನಿಮ್ಮ ಹಿತ್ತಾಳೆ ಲೋಟ ಒಂದನ್ನು ಸ್ಕೇಲ್ ಪಟ್ಟಿಯ ಪಕ್ಕ ಇಟ್ಟು ಅಳೆದು ಹಾಕಿ.

ಪುಣೆ ತಾಮ್ರದ ಚರಗಿ

22 ಮಿ.ಮೀ. ಏನೀಗ?

ಮುಲುಂಡ್ ಕತ್ತರಿ

22 ಗುಣಿಸು 12, 264. ಹತ್ತಿರ ಹತ್ತಿರ ಇಪ್ಪತ್ತಾರೂವರೆ ಸೆಂಟಿಮೀಟರಿನ ಲೋಟ! ನಿಮ್ಮ ಅಜ್ಜಿ ಅದರಲ್ಲಿ ಚಹಾ ಕುಡಿದೇ ಸತ್ತದ್ದು, ಕೊಲೆ ಅಲ್ಲ. ಮನೆಯ ಲೋಟ 9.6 ಸೆಂ.ಮೀ. ಅಂತ ಹಿಡಿದರೆ 8 ಮಿ.ಮೀ. ಬರಬೇಕು. ಪೆನ್ನಿನ ಮುಚ್ಚಳದ ತುದಿ ಕತ್ತರಿಸಿ ಬೆಳ್ಳಿ ಬಣ್ಣ ಹೊಡೆಯಿರಿ, ಆಯ್ತು.

ಪುಣೆ ತಾಮ್ರದ ಚರಗಿ

ಪೆನ್ನಿನ ಮುಚ್ಚಳ ನಿಮ್ಮ ರಾಣಿಗೆ ಕುಡಸ್ರಿ.

ಡೊಂಬಿವಲಿ ಕಿಟಕಿ

ಎಲ್ಲರಿಗೂ ಧನ್ಯವಾದ. ಮಧ್ಯದಲ್ಲಿ ನನ್ನ ಹೂದಾನಿ ಯಾರಿಗೂ ಕಾಣಿಸಲಿಲ್ಲ, ಪರವಾಗಿಲ್ಲ. ವಾರ್ನಿಷ್ ತಂದೆ. ದಾರದ ಡಬ್ಬಕ್ಕೆ ಮುಚ್ಚಳ ತಂದೆ. ಐರೋಲಿಯವರ ಮಾತು ಕೇಳಿ ಕಿಟಕಿಗೆ ಫೆವಿಕಾಲ್ ಅಂತ ತೀರ್ಮಾನಿಸಿದೆ.

ಕಥೆಯ ಗುಟ್ಟು ಹೇಳಿಬಿಡ್ತೇನೆ, ಮಾಟುಂಗದವರು ಹೇಗೂ ಯಾರದ್ದನ್ನೂ ಉಳಿಸಲ್ಲ. ಹೂದಾನಿಯಲ್ಲಿರೋದು ಲಿಲ್ಲಿ ಹೂ. ಲಿಲ್ಲಿ ಬೆಕ್ಕಿಗೆ ವಿಷ. ಮೈಮೇಲೆ ಉದುರಿದ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತೆ. ಹನ್ನೊಂದು ವರ್ಷ ಅಂಗಡಿಯಲ್ಲಿ ಬೆಕ್ಕು ಸಾಕಿದವನು ಅದನ್ನು ಗಲ್ಲಾದ ಮೇಲೆ ಇಟ್ಟುಕೊಳ್ತಾನಾ? ಹಾಗಾದರೆ ಅವನು ಸತ್ತ ಮೇಲೆ ಯಾರೋ ತಂದಿಟ್ಟಿದ್ದಾರೆ, ಬೆಕ್ಕಿನ ವಿಷಯ ಗೊತ್ತಿಲ್ಲದವರು. ಆದರೆ ಅವನ ಅಳಿಯ "ನಾನು ದಿನಾ ಅಂಗಡಿಗೆ ಬರ್ತಿದ್ದೆ" ಅಂತ ಹೇಳಿಕೆ ಕೊಟ್ಟಿದ್ದಾನೆ.

ಇಪ್ಪತ್ತಾರೂವರೆ ಸೆಂಟಿಮೀಟರ್ ಅಂದರೆ ಹೂದಾನಿಗೆ ಸರಿಯಾದ ಎತ್ತರ. ಪುಣೆಯ ಮಾವಶಿ, ಆ ಲೋಟ ಕೊಡ್ತೀರಾ? ದುಡ್ಡು ಕೊಡ್ತೇನೆ.

ಮಾಟುಂಗ ಬಾಡಿಗೆ ಪುಸ್ತಕ

ಅಳಿಯ ಬೆಕ್ಕನ್ನು ದಿನಾ ನೋಡಿಯೂ ಲಿಲ್ಲಿ ವಿಷ ಅಂತ ಗೊತ್ತಿಲ್ಲದೆ ಇರಬಹುದಲ್ಲ. ನನಗೇ ಇವತ್ತು ಗೊತ್ತಾದದ್ದು. ಕೇಸು ಕೋರ್ಟಿನಲ್ಲಿ ನಿಲ್ಲೋದಿಲ್ಲ.

ಪುಣೆ ತಾಮ್ರದ ಚರಗಿ

ಕೊಡಂಗಿಲ್ಲ ತಂಗಿ. ಅಂಗಡ್ಯಾಗಿಂದಲ್ಲ ಅದು, ನಮ್ಮವ್ವಂದು. ಲಗ್ನ ಆಗಿ ಬರೂಮುಂದ ಗದಗಿಂದ ತಂದಾಕಿ. ತುಳಶೀಬಾಗದಾಗ ಹಂತಾವು 180ಕ್ಕ ಸಿಗತಾವು, ರಾಮನ ಗುಡಿ ಬಾಜೂಕಿನ ಸಾಲಿನ್ಯಾಗ ಕೇಳ್ರಿ. ಶುಕ್ರವಾರ ನಾ ಅಲ್ಲೇ ಹೋಗತೇನಿ, ಬೇಕಂದ್ರ ತಂದಿಡತೇನಿ. ಅಳದು ತರತೇನಿ, ಮುಲುಂಡದವರು ಹೆದರೂದು ಬ್ಯಾಡ.