ವಿಮಾನ ನಿಲ್ದಾಣದ ಶುಲ್ಕ ಮತ್ತು ರಿಯಾಯಿತಿ: ದರ ತಜ್ಞೆಯೊಂದಿಗೆ ಪ್ರಶ್ನೋತ್ತರ

ವಿದ್ಯಾರ್ಥಿನಿ: ಮೇಡಂ, ವಿಮಾನ ನಿಲ್ದಾಣವು ವಿಮಾನಯಾನ ಸಂಸ್ಥೆಗಳಿಂದ ಯಾವ ಯಾವ ಶುಲ್ಕಗಳನ್ನು ಪಡೆಯುತ್ತದೆ ಮತ್ತು ಅವುಗಳ ದರವನ್ನು ಹೇಗೆ ನಿಗದಿಪಡಿಸುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ದರ ತಜ್ಞೆ: ಲ್ಯಾಂಡಿಂಗ್ ಶುಲ್ಕವನ್ನು ಸಾಮಾನ್ಯವಾಗಿ ವಿಮಾನದ ಗರಿಷ್ಠ ಟೇಕಾಫ್ ತೂಕದ ಮೇಲೆ, ಪಾರ್ಕಿಂಗ್ ಶುಲ್ಕವನ್ನು ತೂಕ ಮತ್ತು ನಿಂತ ಅವಧಿಯ ಮೇಲೆ, ಪ್ರಯಾಣಿಕ ಸೇವಾ ಶುಲ್ಕವನ್ನು ಹೊರಡುವ ಪ್ರಯಾಣಿಕರ ಸಂಖ್ಯೆಯ ಮೇಲೆ ಲೆಕ್ಕಹಾಕುತ್ತಾರೆ. ನಿರ್ವಹಣಾ ವೆಚ್ಚ, ಸವಕಳಿ, ತೆರಿಗೆ ಮತ್ತು ಹೂಡಿದ ಬಂಡವಾಳಕ್ಕೆ ನ್ಯಾಯವಾದ ಪ್ರತಿಫಲ ಇವೆಲ್ಲವನ್ನೂ ಕೂಡಿಸಿ, ಆ ಮೊತ್ತವನ್ನು ಮುಂದಿನ ಕೆಲವು ವರ್ಷಗಳ ನಿರೀಕ್ಷಿತ ಸಂಚಾರದ ಮೇಲೆ ಹಂಚಿದಾಗ ದರ ಸಿಗುತ್ತದೆ. 1944ರ ಷಿಕಾಗೋ ಒಪ್ಪಂದದ 15ನೆಯ ವಿಧಿಯ ಪ್ರಕಾರ, ಅದೇ ಬಗೆಯ ಅಂತರರಾಷ್ಟ್ರೀಯ ಸೇವೆ ನಡೆಸುವ ಸ್ವದೇಶಿ ವಿಮಾನಕ್ಕಿಂತ ಹೆಚ್ಚಿನ ಶುಲ್ಕವನ್ನು ವಿದೇಶಿ ವಿಮಾನಕ್ಕೆ ವಿಧಿಸುವಂತಿಲ್ಲ.

ಪ್ರಯಾಣಿಕ: ಸಿಂಗಲ್ ಟಿಲ್, ಡ್ಯುಯಲ್ ಟಿಲ್ ಎಂದರೇನು ಮೇಡಂ?

ದರ ತಜ್ಞೆ: ಅಂಗಡಿಗಳ ಬಾಡಿಗೆ, ವಾಹನ ನಿಲುಗಡೆ, ಜಾಹೀರಾತು ಮುಂತಾದ ಆದಾಯವನ್ನು ಒಟ್ಟು ವೆಚ್ಚದಿಂದ ಕಳೆದು, ಉಳಿದದ್ದನ್ನು ಮಾತ್ರ ವಿಮಾನಯಾನ ಸಂಸ್ಥೆಗಳಿಂದ ವಸೂಲು ಮಾಡಿದರೆ ಅದು ಸಿಂಗಲ್ ಟಿಲ್. ಆ ಆದಾಯ ಮತ್ತು ಅದರ ವೆಚ್ಚವನ್ನು ಬೇರೆಯಾಗಿಯೇ ಇಟ್ಟರೆ ಡ್ಯುಯಲ್ ಟಿಲ್. ಆದಾಯದ ಒಂದು ಪಾಲನ್ನು ಮಾತ್ರ ಕಳೆದರೆ ಹೈಬ್ರಿಡ್.

ಸಮಿತಿ ಸದಸ್ಯ: ನಾನು ಒಂದು ಸಣ್ಣ ವಿಮಾನ ನಿಲ್ದಾಣದ ಸಲಹಾ ಸಮಿತಿಯಲ್ಲಿದ್ದೇನೆ. ಈಗ ಅಲ್ಲಿಗೆ ಎಟಿಆರ್-72 ಎಂಬ ಸಣ್ಣ ವಿಮಾನಗಳಷ್ಟೇ ಬರುತ್ತಿವೆ. ಒಂದು ಸಂಸ್ಥೆಯು ಎ320 ಎಂಬ ಇನ್ನೂ ದೊಡ್ಡ ವಿಮಾನಗಳನ್ನು ತರುವುದಾಗಿ ಹೇಳಿ, ಹತ್ತು ವರ್ಷಗಳ ಕಾಲ ಲ್ಯಾಂಡಿಂಗ್ ಶುಲ್ಕದ ಪೂರ್ಣ ಮನ್ನಾ, ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ ಪ್ರಚಾರ ವೆಚ್ಚ ಮತ್ತು ಯಾವಾಗ ಬೇಕಾದರೂ ದಂಡವಿಲ್ಲದೆ ಸೇವೆ ನಿಲ್ಲಿಸುವ ಹಕ್ಕನ್ನು ಕೇಳಿದೆ. ಸಮಿತಿಯ ಬಹುತೇಕರು ಒಪ್ಪಿದ್ದಾರೆ. ನಾವು ಏನನ್ನು ಪರಿಶೀಲಿಸಬೇಕು?

ದರ ತಜ್ಞೆ: ನಿಮ್ಮ ಪ್ರಶ್ನೆ ನನ್ನನ್ನು ಚಿಂತೆಗೀಡುಮಾಡಿದೆ, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ರನ್‌ವೇ ಹೇಗೂ ಇದೆ, ಇನ್ನೊಂದು ವಿಮಾನ ಇಳಿದರೆ ಖರ್ಚೇನು ಎಂಬ ವಾದವನ್ನು ನಿಮ್ಮ ಸಮಿತಿಯಲ್ಲಿ ಖಂಡಿತ ಯಾರಾದರೂ ಮುಂದಿಟ್ಟಿರುತ್ತಾರೆ. ಖರ್ಚು ಇದೆ. ನಿಲ್ದಾಣದ ಅಗ್ನಿಶಾಮಕ ವ್ಯವಸ್ಥೆಯ ದರ್ಜೆಯು ಅಲ್ಲಿಗೆ ಬರುವ ವಿಮಾನದ ಉದ್ದ ಮತ್ತು ಒಡಲಿನ ಅಗಲವನ್ನು ಅವಲಂಬಿಸಿರುತ್ತದೆ. ಸುಮಾರು 27 ಮೀಟರ್ ಉದ್ದದ ಎಟಿಆರ್-72ಕ್ಕೆ 5ನೆಯ ದರ್ಜೆ ಸಾಕು, ಸುಮಾರು 37.5 ಮೀಟರ್ ಉದ್ದದ ಎ320ಕ್ಕೆ ಸಾಮಾನ್ಯವಾಗಿ 6ನೆಯ ದರ್ಜೆ ಬೇಕು. 5ನೆಯ ದರ್ಜೆಗೆ ಕನಿಷ್ಠ ಒಂದು ಅಗ್ನಿಶಾಮಕ ವಾಹನ ಇದ್ದರೆ ಸಾಕು, 6ನೆಯ ದರ್ಜೆಗೆ ಎರಡು ಬೇಕು. ಎರಡನೆಯ ವಾಹನವೆಂದರೆ ಅದಕ್ಕೆ ಪ್ರತಿ ಪಾಳಿಯಲ್ಲಿ ತರಬೇತಾದ ಸಿಬ್ಬಂದಿ, ನೀರು ಮತ್ತು ಫೋಮ್ ದಾಸ್ತಾನು. ಸಂಸ್ಥೆಯು ಒಂದು ವರ್ಷದ ನಂತರ ಹೊರಟುಹೋದರೂ ಆ ವಾಹನದ ಸಾಲದ ಕಂತು ಮತ್ತು ಆ ನೌಕರರ ಸಂಬಳ ನಿಮ್ಮ ಲೆಕ್ಕದಲ್ಲೇ ಉಳಿಯುತ್ತವೆ. ಅಗ್ನಿಶಾಮಕ ವ್ಯವಸ್ಥೆಯೊಂದೇ ಅಲ್ಲ, ಏಪ್ರನ್, ಅಂದರೆ ವಿಮಾನ ನಿಲ್ಲುವ ಅಂಗಳ, ಭಾರವಾದ ವಿಮಾನವನ್ನು ತಾಳುತ್ತದೆಯೇ, ಭದ್ರತಾ ತಪಾಸಣೆಯ ಸಾಲುಗಳು, ಬ್ಯಾಗೇಜ್ ಬೆಲ್ಟ್ ಇವೆಲ್ಲವೂ ಒಮ್ಮೆಗೇ ಬಂದಿಳಿಯುವ ನೂರೈವತ್ತಕ್ಕೂ ಹೆಚ್ಚು ಪ್ರಯಾಣಿಕರಿಗೆ ಸಾಲುತ್ತವೆಯೇ ಎಂದು ನೋಡಬೇಕು.

ಆದ್ದರಿಂದ ಮೊದಲು ಈ ಸೇವೆಯಿಂದಲೇ ಹೆಚ್ಚಾಗುವ ವೆಚ್ಚವನ್ನೂ ಈ ಸೇವೆಯಿಂದಲೇ ಹೆಚ್ಚಾಗುವ ಆದಾಯವನ್ನೂ ವರ್ಷವಾರು ಎದುರುಬದುರು ಬರೆಯಿರಿ. ಆದಾಯದ ಕಡೆ, ಈಗಾಗಲೇ ಎಟಿಆರ್‌ನಲ್ಲಿ ಬರುತ್ತಿರುವ ಪ್ರಯಾಣಿಕರಲ್ಲಿ ಎಷ್ಟು ಮಂದಿ ಹೊಸ ವಿಮಾನಕ್ಕೆ ಸರಿಯುತ್ತಾರೆ ಎಂಬುದನ್ನು ಕಳೆಯಲೇಬೇಕು. ಪೂರ್ಣ ಶುಲ್ಕ ಕೊಡುವ ಹಳೆಯ ಸಂಸ್ಥೆಯು ಸೇವೆ ಕಡಿತಗೊಳಿಸಿದರೆ ನಿಮಗೆ ಎರಡು ಕಡೆಯಿಂದಲೂ ನಷ್ಟ. ರಿಯಾಯಿತಿ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊಸ ಮಾರ್ಗದ ಆರಂಭದಲ್ಲಿ ಆಸನಗಳು ಖಾಲಿ ಉಳಿಯುವ ಅಪಾಯವನ್ನು ನಿಲ್ದಾಣವೂ ಹಂಚಿಕೊಳ್ಳುವುದು ನ್ಯಾಯವೇ. ಆದರೆ ಆ ಅಪಾಯ ಹತ್ತು ವರ್ಷ ಇರುವುದಿಲ್ಲ. ಹೊಸ ಸೇವೆಗೆ ಕೊಡುವ ರಿಯಾಯಿತಿ ತಾತ್ಕಾಲಿಕವಾಗಿರಬೇಕು ಮತ್ತು ಅದರ ಹೊರೆಯನ್ನು ರಿಯಾಯಿತಿ ಪಡೆಯದ ಇತರ ಸಂಸ್ಥೆಗಳ ಮೇಲೆ ಹಾಕಬಾರದು ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ನೀತಿ. ಯುರೋಪಿಯನ್ ಒಕ್ಕೂಟದ 2014ರ ಮಾರ್ಗಸೂಚಿಯಲ್ಲಿ ಹೊಸ ಮಾರ್ಗಕ್ಕೆ ಸಾರ್ವಜನಿಕ ಹಣದ ಆರಂಭಿಕ ನೆರವು ನಿಲ್ದಾಣ ಶುಲ್ಕದ ಶೇ. 50ರ ವರೆಗೆ, ಗರಿಷ್ಠ ಮೂರು ವರ್ಷ. ನೀವು ಕೇಳಬೇಕಾದದ್ದೂ ಅಂಥದ್ದೇ: ವರ್ಷದಿಂದ ವರ್ಷಕ್ಕೆ ಇಳಿಯುವ ರಿಯಾಯಿತಿ, ಸೇವೆ ನಡೆದ ನಂತರವಷ್ಟೇ ಪಾವತಿ, ಅವಧಿಗೆ ಮುನ್ನ ಹೊರಟರೆ ಪಡೆದದ್ದನ್ನು ಹಿಂದಿರುಗಿಸುವ ಷರತ್ತು, ಮತ್ತು ಅದೇ ಸೇವೆ ಆರಂಭಿಸುವ ಯಾವ ಸಂಸ್ಥೆಗಾದರೂ ಅನ್ವಯಿಸುವ ಪ್ರಕಟಿತ ಯೋಜನೆ. ದಂಡವಿಲ್ಲದ ನಿರ್ಗಮನದ ಹಕ್ಕಿಗೆ ಸಹಿ ಹಾಕಬೇಡಿ.

ನಿವೃತ್ತ ಬ್ಯಾಂಕ್ ಅಧಿಕಾರಿ: ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ: "ಲ್ಯಾಂಡಿಂಗ್ ಶುಲ್ಕವನ್ನು ಸೊನ್ನೆಗಿಳಿಸಿ, ಮೂರೇ ವರ್ಷಗಳಲ್ಲಿ ಅಂಗಡಿ ಬಾಡಿಗೆಯಿಂದಲೇ ನಿಲ್ದಾಣ ಲಾಭಕ್ಕೆ ಬರುತ್ತದೆ."

ದರ ತಜ್ಞೆ: ಈ ಸಂದೇಶವನ್ನು ಆಧರಿಸಿ ದಯವಿಟ್ಟು ಯಾರೂ ನಿರ್ಧಾರ ಕೈಗೊಳ್ಳಬೇಡಿ. ಅಂಗಡಿಗಳ ಆದಾಯವು ಪ್ರಯಾಣಿಕರು ಟರ್ಮಿನಲ್‌ನಲ್ಲಿ ಕಳೆಯುವ ಸಮಯ ಮತ್ತು ಅಂತರರಾಷ್ಟ್ರೀಯ ಪ್ರಯಾಣಿಕರ ಪಾಲನ್ನು ಅವಲಂಬಿಸಿರುತ್ತದೆ. ದಿನಕ್ಕೆ ನಾಲ್ಕಾರು ವಿಮಾನಗಳು ಬರುವ ನಿಲ್ದಾಣದಲ್ಲಿ ಅದು ಅಗ್ನಿಶಾಮಕ ವೆಚ್ಚವನ್ನೂ ಭರಿಸಲಾರದು. ದೊಡ್ಡ ನಿಲ್ದಾಣದ ಲೆಕ್ಕವನ್ನು ಸಣ್ಣ ನಿಲ್ದಾಣಕ್ಕೆ ಅಂಟಿಸುವ ಇಂತಹ ಸಂದೇಶಗಳು ಸಾರ್ವಜನಿಕ ಹಣವನ್ನು ಕರಗಿಸುತ್ತವೆ.

ಲೆಕ್ಕಪರಿಶೋಧಕ: ಬೆಲ್ಜಿಯಂನ ಷಾರ್ಲರ್ವಾ ನಿಲ್ದಾಣವು ಅಗ್ಗದ ದರದ ವಿಮಾನಯಾನ ಸಂಸ್ಥೆ ರಯನ್‌ಏರ್‌ಗೆ ಕೊಟ್ಟ ರಿಯಾಯಿತಿ ಅಕ್ರಮವೆಂದು ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಆಯೋಗದಲ್ಲಿ 2004ರಲ್ಲೇ ತೀರ್ಮಾನವಾಗಿದೆ. ಸಮಿತಿಯವರು ಅದನ್ನು ಗಮನಿಸಲಿ.

ವಿಮಾನಯಾನ ಸಂಸ್ಥೆಯ ನೌಕರ: ಅರ್ಧ ಮಾಹಿತಿ ಹರಡಬೇಡಿ. 2008ರಲ್ಲಿ ಒಕ್ಕೂಟದ ನ್ಯಾಯಾಲಯವೇ ಆ ತೀರ್ಮಾನವನ್ನು ರದ್ದುಪಡಿಸಿತು. ಅಂದರೆ ರಿಯಾಯಿತಿ ಸರಿಯೆಂದೇ ಅರ್ಥ.

ಲೆಕ್ಕಪರಿಶೋಧಕ: ಸಂಬಳ ಕೊಡುವವರ ಪರವಾಗಿ ನೀವು ಮಾತನಾಡುವುದು ಸಹಜ.

ವಿಮಾನಯಾನ ಸಂಸ್ಥೆಯ ನೌಕರ: ವೈಯಕ್ತಿಕ ಟೀಕೆ ಬೇಡ. ತೀರ್ಪನ್ನು ಓದಿದ್ದೀರಾ, ಇಲ್ಲವೇ, ಅಷ್ಟನ್ನು ಹೇಳಿ.

ದರ ತಜ್ಞೆ: ಇಬ್ಬರೂ ನಿಲ್ಲಿಸಿ. 2004ರಲ್ಲಿ ಆಯೋಗವು ನೆರವಿನ ಒಂದು ಭಾಗವನ್ನು ಮಾತ್ರ ಅಸಮ್ಮತವೆಂದಿತು. ಬೆಲ್ಜಿಯಂನ ವಲೂನ್ ಪ್ರಾಂತ್ಯ ಮತ್ತು ಅದರ ಒಡೆತನದ ನಿಲ್ದಾಣ ಕಂಪನಿಯನ್ನು ಒಂದಾಗಿ ನೋಡದೆ, ಖಾಸಗಿ ಹೂಡಿಕೆದಾರನಾಗಿದ್ದರೆ ಇದೇ ಒಪ್ಪಂದ ಮಾಡಿಕೊಳ್ಳುತ್ತಿದ್ದನೇ ಎಂದು ಪರೀಕ್ಷಿಸಲಿಲ್ಲವೆಂಬ ಕಾರಣಕ್ಕೆ ನ್ಯಾಯಾಲಯ ಅದನ್ನು ರದ್ದುಮಾಡಿತು. 2014ರಲ್ಲಿ ಆಯೋಗವು ಮರುಪರಿಶೀಲಿಸಿ, ಸಂಸ್ಥೆಗೆ ಅನುಚಿತ ನೆರವು ಸಿಕ್ಕಿಲ್ಲವೆಂದಿತು. ಆ ಪರೀಕ್ಷೆಯಲ್ಲಿ ಪ್ರತಿ ಒಪ್ಪಂದವೂ ತನ್ನ ಲೆಕ್ಕದ ಮೇಲೆಯೇ ಗೆಲ್ಲಬೇಕು.

ವಿದ್ಯಾರ್ಥಿನಿ: ಹೆಚ್ಚು ಪ್ರಯಾಣಿಕರನ್ನು ತಂದವರಿಗೆ ಹೆಚ್ಚು ರಿಯಾಯಿತಿ ಕೊಡುವುದು ತಾರತಮ್ಯವಾಗುತ್ತದೆಯೇ?

ದರ ತಜ್ಞೆ: ಒಂದೇ ಸಂಸ್ಥೆ ಮುಟ್ಟಬಲ್ಲಷ್ಟು ಎತ್ತರದ ಮಿತಿ ಇಟ್ಟರೆ ಆಗುತ್ತದೆ. ಬ್ರಸೆಲ್ಸ್ ನಿಲ್ದಾಣದ ಅಂತಹ ರಿಯಾಯಿತಿಯನ್ನು ಯುರೋಪಿಯನ್ ಆಯೋಗವು 1995ರಲ್ಲಿ ತಿರಸ್ಕರಿಸಿತು.

ಇನ್ನೊಬ್ಬ ಸದಸ್ಯ: ಸಿಂಗಲ್ ಟಿಲ್ ಎಂದರೇನು?

ದರ ತಜ್ಞೆ: ಮೇಲೆ ಉತ್ತರಿಸಿದ್ದೇನೆ.

ಪ್ರಯಾಣಿಕ: ರಾತ್ರಿ ಇಳಿಯುವ ಗದ್ದಲದ ವಿಮಾನಗಳಿಗೆ ಹೆಚ್ಚುವರಿ ಶುಲ್ಕ ಹಾಕಬಹುದೇ?

ನಿವೃತ್ತ ಬ್ಯಾಂಕ್ ಅಧಿಕಾರಿ: ಅದಕ್ಕೂ ಮೊದಲು ಹೇಳಿ, ಸಂಸ್ಥೆಗೆ ಶುಲ್ಕ ಮನ್ನಾ ಆದರೆ ಟಿಕೆಟ್ ದರ ಇಳಿಯುವುದಿಲ್ಲವೇ? ನಾನು ಹಂಚಿದ ಸಂದೇಶದಲ್ಲಿ ಅದೂ ಇತ್ತು.

ಲೆಕ್ಕಪರಿಶೋಧಕ: ಪೈಪೋಟಿ ಇಲ್ಲದ ಮಾರ್ಗದಲ್ಲಿ ಏಕೆ ಇಳಿಸುತ್ತಾರೆ? ಪ್ರತಿ ಸಂದೇಶವನ್ನೂ ಇಲ್ಲಿ ತಂದು ಸುರಿಯಬೇಡಿ ಸ್ವಾಮಿ.

ನಿವೃತ್ತ ಬ್ಯಾಂಕ್ ಅಧಿಕಾರಿ: ನಾನು ಮೇಡಂ ಅವರನ್ನು ಕೇಳಿದ್ದು, ನಿಮ್ಮನ್ನಲ್ಲ.

ಸಮಿತಿ ಸದಸ್ಯ: ಮೇಡಂ, ಈ ವಾರಾಂತ್ಯದೊಳಗೆ ಸಹಿ ಹಾಕದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗುವುದಾಗಿ ಸಂಸ್ಥೆಯವರು ಹೇಳುತ್ತಿದ್ದಾರೆ.

ದರ ತಜ್ಞೆ: ಯಾವ ತಿಂಗಳಿಂದ, ವಾರಕ್ಕೆ ಎಷ್ಟು ಹಾರಾಟ, ಎಷ್ಟು ವರ್ಷ ಎಂಬುದನ್ನು ಲಿಖಿತವಾಗಿ ಕೊಡಲು ಹೇಳಿ. ಅಗ್ನಿಶಾಮಕ ವಿಭಾಗದ ಮುಖ್ಯಸ್ಥರಿಂದ 6ನೆಯ ದರ್ಜೆಯ ವಾರ್ಷಿಕ ವೆಚ್ಚವನ್ನು ನಾಳೆಯೇ ತರಿಸಿಕೊಳ್ಳಿ. ಈ ಎರಡು ಕಾಗದಗಳು ಸಮಿತಿಯ ಮುಂದೆ ಬರುವವರೆಗೆ ಸಹಿಯ ಮಾತು ಬೇಡ.