ಅಪ್‌ಡೇಟ್: ಹೊರಗಿನ ಟೇಬಲ್‌ಗೆ ಬಟ್ಟೆ ಹೊದಿಸಿದ ಹಲಗೆ ಕೊನೆಗೂ ಕೂತಿತು

ಅಂಗಳದ ಕಬ್ಬಿಣದ ಟೇಬಲ್‌ನ ಗಾಜು ಒಡೆದಿದೆ, ಅದರ ಬದಲು ಬಟ್ಟೆ ಹೊದಿಸಿದ ಹಲಗೆ ಮಾಡೋದು ಹೇಗೆ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಕೆಲಸ ಮುಗಿದಿದೆ. ಎರಡು ಜೋರು ಮಳೆಯನ್ನೂ ತಡೆದುಕೊಂಡಿದೆ.

ಮೊದಲು ಹತ್ತಿ ಬಟ್ಟೆಯನ್ನು ಮರದ ಬಿಳಿ ಅಂಟಿನಿಂದ ಅಂಟಿಸಿದ್ದೆ. ಒಂದೇ ಮಳೆಗೆ ಅಂಟು ಮೆತ್ತಗಾಗಿ ಬಟ್ಟೆ ಗುಳ್ಳೆಗುಳ್ಳೆ ಎದ್ದಿತು. ಆಮೇಲೆ ಕಪ್ಪು ಬೂಷ್ಟು ಬೇರೆ. ಆ ದಾರಿ ಬೇಡವೇ ಬೇಡ.

ಕೈಹಿಡಿದದ್ದು, ಅಂಟಿನ ಬದಲು ಸ್ಟೇಪಲ್ ಗನ್‌ನಿಂದ ಬಟ್ಟೆಯನ್ನು ಹಲಗೆಗೆ ಪಿನ್ ಹೊಡೆಯಿರಿ ಅನ್ನೋ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. 12 ಮಿ.ಮೀ. ಮರೈನ್ ಪ್ಲೈವುಡ್ (ನೀರಿಗೆ ಸುಲಭವಾಗಿ ಬಿಟ್ಟುಕೊಳ್ಳದ ಪ್ಲೈ) ಕತ್ತರಿಸಿ, ಅಂಚಿಗೆ ಮೂರು ಕೋಟ್ ಬಣ್ಣ ಹೊಡೆದೆ. ಪ್ಲೈ ಜಾಸ್ತಿ ನೀರು ಕುಡಿಯೋದು ಅಂಚಿನಿಂದಲೇ ಅಲ್ವಾ? ಮೇಲೆ ಹೊರಾಂಗಣಕ್ಕೆಂದೇ ಬರುವ ಅಕ್ರಿಲಿಕ್ ಬಟ್ಟೆ. ಹಲಗೆ ಮಗುಚಿ, ನಾಲ್ಕೂ ಬದಿಯ ನಡುವೆ ಒಂದೊಂದು ಪಿನ್ ಹೊಡೆಯಬೇಕು. ಆಮೇಲೆ ಎದುರುಬದುರು ಎಳೆಯುತ್ತಾ ಮೂಲೆ ಕಡೆ ಹೋಗಬೇಕು. ನಾನು ಮೂಲೆಯಿಂದ ಶುರು ಮಾಡಿದ್ದಕ್ಕೆ ಪಟ್ಟೆಗಳೆಲ್ಲ ಓರೆಯಾದವು, ಅಷ್ಟೂ ಪಿನ್ ಕಿತ್ತು ಮತ್ತೆ ಹೊಡೆದೆ. ಪಿನ್ ಸ್ಟೇನ್‌ಲೆಸ್ ಸ್ಟೀಲ್‌ನದೇ ಇರಲಿ, ಇಲ್ಲದಿದ್ದರೆ ತುಕ್ಕಿನ ಕಲೆ ಬಟ್ಟೆಗೆ ಇಳಿಯುತ್ತದೆ.

ನಾನು ಅಂದುಕೊಂಡಿರದ ಸಂಗತಿ ಒಂದಿದೆ. ಕೆಳಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂದಿದ್ದರು, ಮುಚ್ಚಿದೆ. ಮಳೆ ನಿಂತು ನಾಲ್ಕು ದಿನವಾದರೂ ಒಳಗೆ ಹನಿಗಳು ಹಾಗೇ ಕೂತಿದ್ದವು. ಹಾಳೆ ಕಿತ್ತು ಬಿಸಿಲಿಗೆ ಮಗುಚಿ ಹಾಕಿದೆ, ಸಂಜೆಯೊಳಗೆ ಒಣಗಿತು. ಕೆಳಗಡೆ ಗಾಳಿ ಆಡಲು ಬಿಡಿ, ಸುಮ್ನೆ ಬಣ್ಣ ಹೊಡೆದರೆ ಸಾಕು.

ಹಲಗೆ ಜಾರದಂತೆ ಅಡಿಯಲ್ಲಿ, ಚೌಕಟ್ಟಿನ ಒಳಗೆ ಕೂರುವ ಹಾಗೆ, ನಾಲ್ಕು ರೀಪು ತಿರುಪಿಸಿದ್ದೇನೆ. ಕೈಯೂರಿ ಒತ್ತಿದರೂ ಅಲುಗಾಡುತ್ತಿಲ್ಲ.